ಕೈಗೆಟುಕದ ಕಾರ್ಡು

ಹೋದ ಭಾನುವಾರ ನಾನು ಮಾಡಿದ ಆಟವನ್ನು ಚೀಲಕ್ಕೆ ಹಾಕಿಕೊಂಡು ಬಸವನಗುಡಿಯ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬೆಂಗಳೂರಿನ ಕೆರೆಗಳ ಆಟ ಅದು. ಬೆಳ್ಳಂದೂರಿನ ಕೋಡಿ ನೀರು ವರ್ತೂರು ಕೆರೆಗೆ ಹೋಗುತ್ತದಲ್ಲ, ಹಾಗೆ ಒಂದು ಕೆರೆ ತುಂಬಿದರೆ ಅದರ ಕೆಳಗಿನ ಕೆರೆಗೆ ನೀರು. ಆರಡಿ ಉದ್ದದ ಊಟದ ಮೇಜಿನ ನಡುವೆ ಬೋರ್ಡು ಹರಡಿ, ಒಂದು ತುದಿಗೆ ಕೊಳ್ಳುವ ಕಾರ್ಡುಗಳನ್ನು ಸಾಲಾಗಿ ಜೋಡಿಸಿದೆ. ದೊಡ್ಡಮ್ಮ, ಅಣ್ಣ, ಅತ್ತಿಗೆ, ನಾನು.

ಮೂರು ಸುತ್ತು ಮುಗಿದರೂ ದೊಡ್ಡಮ್ಮ ಹೂಳೆತ್ತುವ ಕಾರ್ಡು ಕೊಳ್ಳಲೇ ಇಲ್ಲ. ಬೆಲೆ ಜಾಸ್ತಿಯಾಯಿತೇನೋ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

"ಯಾಕೆ ದೊಡ್ಡಮ್ಮ, ಅದು ಬೇಡವಾ?"

"ಅಷ್ಟು ದೂರ ಯಾರು ಬಗ್ಗೋದು ಕಣೋ? ಅದೂ ತಲೆಕೆಳಗಾಗಿದೆ. ಏನಂತ ಓದಲಿ?"

ಜಾಗ ಬದಲಿಸಿ ಕೂತೆವು. ಎರಡೇ ಸುತ್ತಿನಲ್ಲಿ ಅವರು ಅಂಥ ಎರಡು ಕಾರ್ಡು ಕೊಂಡರು. ದೊಡ್ಡಮ್ಮನ ಜಾಗಕ್ಕೆ ಹೋದ ಅಣ್ಣ ಆ ಸಾಲಿನ ಕಡೆ ನೋಡುವುದನ್ನೇ ಬಿಟ್ಟ. ಎರಡು ತಿಂಗಳು ಕೂತು ಲೆಕ್ಕ ಹಾಕಿದ್ದ ಬೆಲೆಗಳಲ್ಲಿ ತಪ್ಪಿರಲಿಲ್ಲ. ನಾನು ಅಳೆಯದೆ ಬಿಟ್ಟಿದ್ದು ತೋಳಿನ ಉದ್ದ.

ಕಾಫಿ ಆದಮೇಲೆ ದೊಡ್ಡಮ್ಮ ಮಣೆ ಹಾಕಿಕೊಂಡು ಕೂತು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದರು. ಐದೈದರಂತೆ 25 ಮನೆ. ಚಿಕ್ಕಂದಿನಿಂದ ಆಡಿದ್ದೇ, ಆದರೆ ಅವತ್ತು ಕಣ್ಣಿಟ್ಟು ನೋಡಿದೆ. ನಾಲ್ಕೂ ಬದಿಯ ನಡುಮನೆಗೆ ಅಡ್ಡಗೀಟು. ನನ್ನ ಕಾಯಿ ಹೊರಡುವುದು ನನ್ನ ಮೊಣಕಾಲ ಮುಂದಿನ ಮನೆಯಿಂದ. ಒಂದಕ್ಷರವೂ ಇಲ್ಲದ ಮೇಲೆ ತಲೆಕೆಳಗು ಎಲ್ಲಿಂದ ಬರಬೇಕು? ಪಗಡೆ ಹಾಸಿನ ನಾಲ್ಕು ತೋಳೂ ಹೀಗೇ, ಒಬ್ಬೊಬ್ಬರ ಮುಂದೆ ಒಂದೊಂದು. ಇಸ್ಪೀಟಿನಲ್ಲಿ ಎದುರುಬದುರು ಮೂಲೆಗಳಲ್ಲಿ ಅಂಕಿ ಇರುವುದರಿಂದ ಎಲೆಯನ್ನು ಯಾವ ಕಡೆಯಿಂದ ಹಿಡಿದರೂ ಓದಬಹುದು.

ಕತ್ತರಿ ತೆಗೆದುಕೊಂಡು ನನ್ನ ಬೋರ್ಡನ್ನು ನಾಲ್ಕು ತುಂಡು ಮಾಡಿದೆ. ಅವರವರ ಕೆರೆ ಅವರವರ ಮುಂದೆ, ಕಾರ್ಡುಗಳು ನಡುವೆ. ಎಲ್ಲವೂ ಎಲ್ಲರ ಕೈಗೆಟುಕಿತು, ಆಟ ಮಾತ್ರ ಸತ್ತುಹೋಯಿತು. ತಲೆ ತಗ್ಗಿಸಿದವರು ಎತ್ತಲಿಲ್ಲ, ಪಕ್ಕದವರ ಕೆರೆ ಯಾರಿಗೂ ಬೇಡ.

"ತುಂಡುಗಳನ್ನ ತಾಗಿಸಿಡು, ಇಲ್ಲದಿದ್ರೆ ನೀರು ಹೇಗೆ ಹೋಗುತ್ತೆ?" ಅಂದರು ಅತ್ತಿಗೆ. ಅಂಚಿಗೆ ಅಂಚು ಕೂಡಿಸಿ ಸುತ್ತಲೂ ಇಟ್ಟೆವು. ಹೊಸ ನಿಯಮವೂ ಅಲ್ಲೇ ಹುಟ್ಟಿತು: ಕೆರೆ ತುಂಬಿದರೆ ಕೋಡಿ ನೀರನ್ನು ಎಡಗಡೆಯವರಿಗೆ ಕೈಯಾರೆ ದಾಟಿಸಬೇಕು.

ದೊಡ್ಡಮ್ಮ ನೀಲಿ ಮಣಿಗಳನ್ನು ಅಂಗೈ ಅಂಚಿನಿಂದ ಅಣ್ಣನ ಕೆರೆಗೆ ತಳ್ಳಿದರು. ಅರ್ಧದಷ್ಟು ಮಣಿಗಳು ಉರುಳಿ ಬೀರುವಿನ ಕೆಳಗೆ ಸೇರಿದವು. ಅವರು ಎದ್ದು, ಅಳಗುಳಿಮಣೆಗೆಂದು ಡಬ್ಬಿಯಲ್ಲಿಟ್ಟಿದ್ದ ಹುಣಸೆಬೀಜ ತಂದು ನಡುವೆ ಸುರಿದರು.