ಹತ್ತನೆಯ ಪದ

ನಮ್ಮ ಕಾಲದಲ್ಲಿ ಮುಂಬೈ ಹಾಸ್ಟೆಲಿನ ಹಾಜರಿ ಪುಸ್ತಕ ನೋಡಿದರೆ ಕೊಂಕಣ ಮೂಲದ ನಮ್ಮ ಬೆನೆ ಇಸ್ರೇಲ್ ಯಹೂದಿಗಳು ಯಾರೆಂದು ತಿಳಿಯುತ್ತಿರಲಿಲ್ಲ. ದಿವೇಕರ್, ಪೆಣಕರ್, ನವಗಾಂವಕರ್ ಎಲ್ಲವೂ ಕೊಂಕಣದ ಊರುಗಳ ಅಡ್ಡಹೆಸರುಗಳು, ಮನೆಮಾತು ಮರಾಠಿ. ಎಣ್ಣೆ ತೆಗೆಯುತ್ತಿದ್ದ ಹಿರಿಯರು ಶನಿವಾರ ಗಾಣ ಹೂಡುತ್ತಿರಲಿಲ್ಲ, ಹಾಗಾಗಿ ‘ಶನಿವಾರ ತೇಲಿ’ ಎಂಬ ಹೆಸರು ಬಂತು. ಹೊಸ ವಿದ್ಯಾರ್ಥಿಗೆ ತಾನು ಯಾರೆಂಬ ಪ್ರಶ್ನೆ ಎದುರಾಗುವುದೂ ವಾರದ ಅದೇ ಹೊತ್ತಿಗೆ.

ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನವಾದ ಶಬ್ಬಾತಿನ ದೀಪ ಹಚ್ಚಬೇಕಾದ್ದು ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಜುಲೈಯಲ್ಲಿ ಏಳು ಗಂಟೆಯವರೆಗೂ ಸಮಯವಿರುತ್ತದೆ. ನವೆಂಬರ್ ಕೊನೆಗೆ 5.40ರ ಸುಮಾರಿಗೇ ಹಚ್ಚಬೇಕು; ಪ್ರಾಕ್ಟಿಕಲ್ ಮುಗಿಸಿ ಲೋಕಲ್ ಹಿಡಿದವರಿಗೆ ತಪ್ಪುವುದು ಆಗಲೇ. ಶನಿವಾರ ಬರೆಯುವಂತಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ದಿನವೇ ಅರ್ಜಿ ಕೊಡಬೇಕು, ಹಿಂದಿನ ದಿನ ಕೊಟ್ಟರೆ ಯಾರೂ ಏನೂ ಮಾಡಲಾರರು.

ಮೆಸ್ಸಿನಲ್ಲಿ ಮೀನಿಗೆ ರೆಕ್ಕೆಯೂ ಹುರುಪೆಯೂ ಇರಬೇಕು. ಬಂಗುಡೆ, ಬೂತಾಯಿ ಆಗುತ್ತವೆ. ಸಿಗಡಿ, ಏಡಿ ಆಗುವುದಿಲ್ಲ. ಮಾಂಸದ ಜೊತೆ ಹಾಲು, ಮೊಸರು ಸೇರಬಾರದು. ನಮ್ಮ ಮನೆಗಳ ಸಾರು ತೆಂಗಿನ ಹಾಲಿನದ್ದಾಗಿರುವುದಕ್ಕೆ ಕೊಂಕಣದ ತೆಂಗಿನಷ್ಟೇ ಈ ನಿಯಮವೂ ಕಾರಣ.

ಶುಕ್ರವಾರದ ಕಿದ್ದುಷ್ ಪ್ರಾರ್ಥನೆಗೆ ವೈನ್ ಬದಲು ಒಣದ್ರಾಕ್ಷಿಯ ಶರಬತ್ತು. ಒಂದು ಲೋಟ ಕಪ್ಪು ಒಣದ್ರಾಕ್ಷಿಯನ್ನು ಬಿಸಿನೀರಲ್ಲಿ ಎರಡು ಸಲ ತೊಳೆಯಿರಿ. ಅಂಗಡಿಯ ದ್ರಾಕ್ಷಿಗೆ ಎಣ್ಣೆ ಸವರಿದ್ದರೆ, ತೊಳೆಯದಿದ್ದಾಗ ಅದು ಲೋಟದ ಮೇಲೆ ಪದರವಾಗಿ ತೇಲುತ್ತದೆ. ಮೂರು ಲೋಟ ನೀರಲ್ಲಿ ನೆನೆಸಿ, ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕಿ ಬಟ್ಟೆಯಲ್ಲಿ ಸೋಸಬೇಕು. ಮುಂಬೈ ಸೆಕೆಯಲ್ಲಿ ರಾತ್ರಿಯಿಡೀ ಹೊರಗೆ ನೆನೆಸಿಟ್ಟರೆ ನೊರೆ ಬಂದು ಹುಳಿಯಾಗುತ್ತದೆ.

ಹೊಸಬರು ಸಮುದಾಯದೊಂದಿಗೆ ಬೇಗ ಬೆರೆಯುವುದು ಮಲೀದಾ ಎಂಬ ಪ್ರಾರ್ಥನೆಯ ಸಿಹಿ ಅವಲಕ್ಕಿ ಮಾಡುವಾಗ. ಅವಲಕ್ಕಿ ತೊಳೆದು ಕೂಡಲೇ ಬಸಿಯಬೇಕು, ನೀರು ನಿಂತರೆ ಮುದ್ದೆ. ಅದಕ್ಕೆ ಹಸಿ ತೆಂಗಿನ ತುರಿ, ಸಕ್ಕರೆ, ಏಲಕ್ಕಿ; ಸುತ್ತಲೂ ಐದು ಬಗೆಯ ಹಣ್ಣು. ಹಣ್ಣಿನ ಪ್ರಾರ್ಥನೆಯಲ್ಲೇ ಹೊಸಬರು ತಡವರಿಸುತ್ತಾರೆ: ಸೇಬು, ಖರ್ಜೂರ ಮರದ ಹಣ್ಣುಗಳು, ಬಾಳೆಹಣ್ಣಿಗೆ ಮಾತ್ರ ನೆಲದ ಬೆಳೆಯ ಪ್ರಾರ್ಥನೆ. ಬಾಳೆ ಮರವೇ ಅಲ್ಲವಲ್ಲ! ಎಲಿಯಾಹು ಪ್ರವಾದಿಯ ಹಾಡು ಹಾಡಿ ತಟ್ಟೆ ಹಂಚುತ್ತಾರೆ.

ಫೋರ್ಟ್ ಭಾಗದ ಕಾಲೇಜುಗಳಿಂದ 1884ರ ಕೆನೆಸೆತ್ ಎಲಿಯಾಹೂ ಸಿನಗಾಗಿಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಕ್ಕೆ, ನಡೆದೇ ಹೋಗಬಹುದು. ಬಾಗ್ದಾದಿ ಯಹೂದಿಗಳು ಕಟ್ಟಿದ್ದು. ಮಸ್ಜಿದ್ ಬಂದರ್ ಹತ್ತಿರದ ಶಾರ್ ಹಾರಹಮೀಮ್ 1796ರದು. ಟಿಪ್ಪುವಿನ ಸೆರೆಯಲ್ಲಿದ್ದ ಸಾಮುವೇಲ್ ದಿವೇಕರ್ ಬಿಡುಗಡೆಯಾಗಿ ಬಂದು ಅದನ್ನು ಕಟ್ಟಿಸಿದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಕನ್ನಡ ನಾಡಿನ ನಂಟು ಅಲ್ಲಿದೆ.

ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ 13 ದಾಟಿದ ಹತ್ತು ಗಂಡಸರು ಬೇಕು. ಒಂಬತ್ತೇ ಜನರಿದ್ದರೆ ತಂದೆಯನ್ನು ಕಳೆದುಕೊಂಡವನು ಅವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಹೇಳುವಂತಿಲ್ಲ, ಧರ್ಮಗ್ರಂಥ ತೋರಾದ ಸುರುಳಿ ತೆಗೆಯುವಂತಿಲ್ಲ. ಜನರನ್ನು ಒಂದು, ಎರಡು ಎಂದು ಎಣಿಸಬಾರದೆಂಬ ಪದ್ಧತಿ. ಹತ್ತು ಪದಗಳ ಕೀರ್ತನೆಯ ಸಾಲೊಂದನ್ನು ತಲೆಗೊಂದು ಪದದಂತೆ ಹೇಳುತ್ತಾರೆ. ಒಂಬತ್ತನೆಯ ಪದಕ್ಕೆ ಸಾಲು ನಿಂತಾಗ ಮುದುಕರೆಲ್ಲ ಬಾಗಿಲ ಕಡೆ ನೋಡುತ್ತಾರೆ. ಚೀಲ ಹೆಗಲಿಗೇರಿಸಿ ಒಳಗೆ ಬಂದ ವಿದ್ಯಾರ್ಥಿಯ ಹೆಸರು ಯಾರೂ ಕೇಳುವುದಿಲ್ಲ, ಕೈಗೆ ಟೋಪಿ ಕೊಟ್ಟು ಹತ್ತನೆಯ ಪದ ಹೇಳುತ್ತಾರೆ.