ಬಟ್ಟೆಯ ಒಳಮೈ

ಹೊಸ ಬಟ್ಟೆ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಒಳಮೈಯನ್ನು. ಪರಿಚಯದವರ ಸೆರಗಿನ ತುದಿಯನ್ನು ಕೇಳದೆಯೇ ಮಗುಚಿ ನೋಡಿ ಬೈಸಿಕೊಂಡದ್ದೂ ಉಂಟು. ಆದರೂ ಈ ಚಾಳಿ ಬಿಡುವ ಯೋಚನೆಯಿಲ್ಲ. ಚಿತ್ತಾರವನ್ನು ನೇಯ್ದಿದ್ದಾರೋ, ಅಚ್ಚೊತ್ತಿದ್ದಾರೋ, ಕಟ್ಟಿ ಬಣ್ಣಕ್ಕೆ ಅದ್ದಿದ್ದಾರೋ, ಸೂಜಿಯಲ್ಲಿ ತುಂಬಿದ್ದಾರೋ ಎಂಬುದಕ್ಕೆ ಸಾಕ್ಷಿ ಸಿಗುವುದು ಅಲ್ಲೇ.

ನೇಯ್ದ ಬುಟ್ಟಾವನ್ನೇ, ಅಂದರೆ ಬಟ್ಟೆಯಲ್ಲಿ ಅಲ್ಲಲ್ಲಿ ಬರುವ ಬಿಡಿ ಚಿತ್ತಾರವನ್ನೇ, ತೆಗೆದುಕೊಳ್ಳಿ. ಬಟ್ಟೆಯ ಮೂಲ ಹಾಸು (ಉದ್ದದ ಎಳೆ), ಹೊಕ್ಕುಗಳ (ಅಡ್ಡ ಎಳೆ) ಜೊತೆಗೆ ಚಿತ್ತಾರಕ್ಕೆಂದೇ ಇನ್ನೊಂದು ಹೊಕ್ಕನ್ನು ಸೇರಿಸಿರುತ್ತಾರೆ. ಆ ಎಳೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಓಡಿದ್ದರೆ, ಬುಟ್ಟಾಗಳ ನಡುವಿನ ಜಾಗದಲ್ಲಿ ಅದು ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತದೆ. ಉಂಗುರಕ್ಕೋ ಕಾಲ್ಗೆಜ್ಜೆಗೋ ಸಿಕ್ಕಿ ಜಗ್ಗುತ್ತದೆ. ಅದಕ್ಕೇ ನೇಯ್ದ ಮೇಲೆ ಅದನ್ನು ಕತ್ತರಿಸುತ್ತಾರೆ. ಪ್ರತಿ ಬುಟ್ಟಾದ ಎರಡೂ ಬದಿಯಲ್ಲಿ ಮೊಟುಕು ಎಳೆಗಳು ಕಂಡರೆ ಈ ಬಗೆಯೆಂದು ತಿಳಿಯಬಹುದು. ಬನಾರಸಿನ ಕಢುವಾ ನೇಯ್ಗೆಯಲ್ಲಿ ಹಾಗಲ್ಲ. ಒಂದೊಂದು ಬುಟ್ಟಾಕ್ಕೂ ಬೇರೆಯೇ ದಾರ. ಅದು ಬುಟ್ಟಾದ ಅಂಚಿಗೆ ಬಂದು ಅಲ್ಲಿಂದಲೇ ಹಿಂದಿರುಗುತ್ತದೆ. ಕತ್ತರಿಸುವ ಪ್ರಶ್ನೆಯೇ ಇಲ್ಲ, ಹಿಂಬದಿಯೂ ಚೊಕ್ಕಟ. ಸಮಯ ಮಾತ್ರ ವಿಪರೀತ ಹಿಡಿಯುತ್ತದೆ.

ಹಾಸಿನ ಯಾವ ಎಳೆ ಯಾವಾಗ ಮೇಲೇಳಬೇಕು ಎಂಬುದನ್ನು ರಂಧ್ರ ಕೊರೆದ ರಟ್ಟುಗಳಿಗೆ ಒಪ್ಪಿಸಿದ ಮಗ್ಗವನ್ನು ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ್ದು 1804ರ ಸುಮಾರಿಗೆ. ಅಲ್ಲಿಂದ ಮುಂದೆ ಎಂಥ ಚಿತ್ತಾರವೂ ಮಗ್ಗಕ್ಕೆ ಕಷ್ಟವಾಗಿ ಉಳಿಯಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಇಕತ್ ಹೆಸರಿನಲ್ಲಿ ಮಾರುವ ಅಚ್ಚಿನ ಬಟ್ಟೆಗಳ ಮೇಲೆ. ಇಕತ್‌ನಲ್ಲಿ ನೇಯುವ ಮೊದಲೇ ನೂಲಿನ ಕಂತೆಗಳನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಕಟ್ಟಿದ ಕಡೆ ಬಣ್ಣ ಇಳಿಯುವುದಿಲ್ಲ. ಮಗ್ಗಕ್ಕೆ ಏರಿಸುವಾಗ ಎಳೆಗಳು ಕೂದಲೆಳೆಯಷ್ಟು ಸರಿದೇ ಸರಿಯುತ್ತವೆ, ಅದರಿಂದಲೇ ಚಿತ್ತಾರದ ಅಂಚು ಕದಡಿದಂತೆ ಕಾಣುತ್ತದೆ. ಗುಜರಾತಿನ ಪಾಟಣದ ಪಟೋಲಾದಲ್ಲಿ ಹಾಸು, ಹೊಕ್ಕು ಎರಡನ್ನೂ ಹೀಗೆ ಕಟ್ಟಿ ಬಣ್ಣ ಹಾಕಿ, ನೇಯುವಾಗ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಅಚ್ಚಿನವರು ಆ ಕದಡಿದ ಅಂಚನ್ನೂ ನಕಲು ಮಾಡುತ್ತಾರೆ! ಕತ್ತರಿಸಿದ ತುದಿಯಿಂದ ಒಂದು ಎಳೆಯನ್ನು ಬಿಡಿಸಿ ಬೆರಳಲ್ಲಿ ಹೊರಳಿಸಿ ನೋಡಿ. ಇಕತ್ ಆದರೆ ಎಳೆಯ ಸುತ್ತಲೂ ಬಣ್ಣ ಹಿಡಿದಿರುತ್ತದೆ. ಅಚ್ಚಿನದಾದರೆ ಸಾಮಾನ್ಯವಾಗಿ ಒಂದು ಮಗ್ಗುಲು ಗಾಢ, ಇನ್ನೊಂದು ಮಾಸಲು. ತೆಳುವಾದ ಹತ್ತಿಗೆ ಬಣ್ಣ ಚೆನ್ನಾಗಿ ಇಳಿದಿದ್ದರೆ ಈ ಪರೀಕ್ಷೆಯೂ ಕೈಕೊಡಬಹುದು, ಅದು ಬೇರೆ ಮಾತು.

ಬಾಟಿಕ್‌ನಲ್ಲಿ ಬಣ್ಣವನ್ನು ತಡೆಯುವುದು ಮೇಣ. ಅದು ಬಿರುಕು ಬಿಟ್ಟ ಕಡೆ ಬಣ್ಣ ನುಗ್ಗಿ ಸಣ್ಣ ನರಗಳಂಥ ಗೆರೆಗಳು ಮೂಡುತ್ತವೆ. ಜಾವಾದ ಒಳ್ಳೆಯ ಕೈಕೆಲಸದಲ್ಲಿ ಬಟ್ಟೆಯ ಎರಡೂ ಬದಿಗೆ ಮೇಣ ಬರೆಯುವುದರಿಂದ ಒಳಮೈ, ಹೊರಮೈ ಗುರುತಿಸುವುದೇ ಕಷ್ಟ.

ಸೂಜಿಯ ಕೆಲಸದಲ್ಲಿ ನನ್ನನ್ನು ಸುಮ್ಮನಾಗಿಸುವುದು ಧಾರವಾಡ ಸೀಮೆಯ ಕಸೂತಿ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಮುರಗಿಯದು ಅದೇ ನಡೆ, ಮೆಟ್ಟಿಲಿನ ಹಾಗೆ. ಎಲ್ಲೂ ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ರೀತಿ ಕಾಣಬೇಕು. ನೇಯ್ದಂತೆ ಕಾಣುವ ನೇಗಿ ಮತ್ತು ಕತ್ತರಿಯಾಕಾರದ ಮೆಂತೆ ಹೊಲಿಗೆಗಳಿಗೆ ಈ ಕಟ್ಟುಪಾಡು ಇಲ್ಲ.

ಯಂತ್ರದ ಕಸೂತಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಬಾಬಿನ್‌ನ (ಯಂತ್ರದ ಕೆಳಗಿನ ದಾರದ ಉರುಳೆ) ಬಿಳಿ ದಾರವೂ, ಆಧಾರಕ್ಕೆ ಇಟ್ಟ ಕಾಗದದಂಥ ಹಾಳೆಯ ಚೂರುಗಳೂ ಉಳಿದಿರುತ್ತವೆ. ನೋಡಲು ಅಡ್ಡಿಯಿಲ್ಲ, ಆದರೆ ಮೈಗೆ ಚುಚ್ಚುತ್ತವೆ. ಮಕ್ಕಳ ಅಂಗಿಯಾದರೆ ಒಳಗೆ ಮೆತ್ತನೆಯ ಅಸ್ತರು ಕೊಡಿಸಿ.