ಪದ್ಯ ಕೇಳಿದರೆ ಕೆಲಸ ಕೆಡುವುದಿಲ್ಲವೇ?

ಕಾಸರಗೋಡಿನ ಬದಿಯಡ್ಕದ ಕಡೆ ನನ್ನದೊಂದು ಅಡಿಕೆ ಅಂಗಡಿ. ಅಂಗಡಿಯ ಹಿಂದೆ ಅಡಿಕೆ ಸುಲಿಯುವ, ಗಾರ್ಬಲ್ ಮಾಡುವ, ಎಂದರೆ ಗುಣ ನೋಡಿ ವಿಂಗಡಿಸುವ ಶೆಡ್ಡು. ಹಂಗಾಮಿನಲ್ಲಿ ಹದಿನಾರು ಮಂದಿ ಅಲ್ಲಿ ಕೆಲಸ ಮಾಡುತ್ತಾರೆ. ಅಡಿಕೆ ತಂದ ತೋಟದವರು, ಬೇರೆ ಅಂಗಡಿಯವರು, ಲಾರಿಯವರು, ಯಾರು ಒಳಗೆ ಇಣುಕಿದರೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: “ಇವರಿಗೆಲ್ಲ ಪದ್ಯ ಕೇಳಲಿಕ್ಕೆ ಬಿಟ್ಟಿದ್ದೀರಲ್ಲ ಅಣ್ಣ, ಕೆಲಸ ಕೆಡುವುದಿಲ್ಲವೇ?” ನಮ್ಮ ಊರಿನಲ್ಲಿ ಹಾಡಿಗೆ ಪದ್ಯ ಎನ್ನುವುದೇ ರೂಢಿ, ಸಿನಿಮಾದ್ದಾದರೂ ಪದ್ಯವೇ.

ನಿಂತಲ್ಲೇ ಕೊಡುವ ಉತ್ತರ “ಕೆಡುವುದಿಲ್ಲ, ಬಿಡಬೇಕು” ಎಂದು. ಕುಳಿತು ಹೇಳುವುದಾದರೆ ಸ್ವಲ್ಪ ಉದ್ದವಿದೆ. ಯಾವ ಕೆಲಸಕ್ಕೆ ಪದ್ಯ, ಆ ಪದ್ಯವನ್ನು ಆರಿಸಿದವರು ಯಾರು, ಈ ಎರಡು ಮಾತು ಮೊದಲು ಇತ್ಯರ್ಥವಾಗಬೇಕು. ಎರಡನೆಯದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಕೆಲಸದ ನಡುವೆ ಪದ್ಯ ಎಂಬುದು ಮೊಬೈಲ್ ತಂದ ಚಾಳಿಯಲ್ಲ. ಇಲ್ಲಿ ಗದ್ದೆಗಳಿದ್ದ ಕಾಲದಲ್ಲಿ ನೇಜಿ, ಎಂದರೆ ಭತ್ತದ ಸಸಿ, ನೆಡುವ ಹೆಂಗಸರು ಪಾಡ್ದನವೆಂಬ ತುಳು ಕಥನಗೀತೆ ಹೇಳುತ್ತ ನೆಡುತ್ತಿದ್ದರು. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಓ ಬೇಲೆ ಎಂದು ದನಿ ಸೇರಿಸುವರು. ಬಗ್ಗಿದ ಬೆನ್ನುಗಳೆಲ್ಲ ಒಂದೇ ಲಯದಲ್ಲಿ ಹಿಂದೆ ಸರಿಯುತ್ತಿದ್ದವು. ಅಲ್ಲಿ ಪದ್ಯ ನಿಂತರೆ ನಾಟಿಯ ವೇಗವೂ ಇಳಿಯುತ್ತಿತ್ತು. ಗದ್ದೆಗಳು ಅಡಿಕೆ ತೋಟಗಳಾದವು, ಪಾಡ್ದನ ಹೇಳುವವರು ಕಡಿಮೆಯಾದರು. ಆದರೆ ಕೈಗೆ ಒಂದೇ ಕೆಲಸ ಕೊಟ್ಟು ಎಂಟು ಗಂಟೆ ಕೂರಿಸಿದರೆ ಮನಸ್ಸು ಏನನ್ನಾದರೂ ಹುಡುಕಿಕೊಂಡು ಹೋಗುವುದು ಮಾತ್ರ ಅಂದಿಗೂ ಇಂದಿಗೂ ಒಂದೇ.

ನಮ್ಮಿಂದ ತೆಂಕಕ್ಕೆ, ಕಣ್ಣೂರಿನ ಕಡೆ, ಬೀಡಿ ಕಟ್ಟುವವರ ನಡುವೆ ಇನ್ನೊಂದು ಪದ್ಧತಿ ಇತ್ತು. ಒಬ್ಬರು ಪತ್ರಿಕೆ ಓದಿ ಹೇಳುವುದು, ಉಳಿದವರು ಬೀಡಿ ಕಟ್ಟುತ್ತ ಕೇಳುವುದು. ಓದುವವರಿಗೆ ಆ ಹೊತ್ತಿನ ಕೂಲಿ ತಪ್ಪಬಾರದೆಂದು ಉಳಿದವರು ತಾವು ಕಟ್ಟಿದ್ದರಲ್ಲಿ ಪಾಲು ಕೊಡುತ್ತಿದ್ದರು. 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿ ಸಂಘದ ಶೆಡ್ಡುಗಳಲ್ಲಿಯೂ ಈ ಓದು ಮುಂದುವರಿಯಿತು. ದೂರದ ಕ್ಯೂಬಾದಲ್ಲಿ, ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ, 1865ರಷ್ಟು ಹಿಂದೆಯೇ ಇಂಥ ಓದುಗರಿದ್ದರು. ಅವರ ಸಂಬಳವನ್ನೂ ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. ಕೇಳುವವರೇ ಖರ್ಚು ಹೊತ್ತು ಉಳಿಸಿಕೊಂಡ ಪದ್ಧತಿಯಿದು. ಧಣಿ ಮನಸ್ಸು ಮಾಡಿ ಕರುಣಿಸಿದ್ದಲ್ಲ.

ಇನ್ನು ಯಾವ ಕೆಲಸಕ್ಕೆ ಎಂಬ ಮಾತು. ನಲುವತ್ತು ದಿನ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಕತ್ತಿಗೆ ಕೊಟ್ಟು ಸುಲಿಯುವುದು ಕೈಗೆ ಬಂದ ವಿದ್ಯೆ. ಒಮ್ಮೆ ಕೂಡಿಬಂದರೆ ಕಣ್ಣು ಮುಚ್ಚಿಯೂ ಆದೀತು. ನನ್ನ ತಂದೆಯ ಕಾಲದಲ್ಲಿ ರಾತ್ರಿ ಸುಲಿಯುವಾಗ ಟೇಪ್ ರೆಕಾರ್ಡರಿನಲ್ಲಿ ತಾಳಮದ್ದಳೆಯ, ವೇಷ ಕುಣಿತವಿಲ್ಲದ ಯಕ್ಷಗಾನದ, ಕ್ಯಾಸೆಟ್ ಹಾಕುತ್ತಿದ್ದರು. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ನಮ್ಮ ಕುಂಬಳೆ ಸೀಮೆಯಲ್ಲಿ ಅದು ಇಲ್ಲದೆ ಹೇಗೆ? ನಾನು ಹುಡುಗ, ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ. ಭಾಗವತರು ಪದ ಹೇಳುವಷ್ಟು ಹೊತ್ತು ಎಲ್ಲರ ಕೈಯೂ ಸರಾಗ. ಪದ ಮುಗಿದು ಅರ್ಥಗಾರಿಕೆಯ ಮಾತು ಶುರುವಾಗಿ, ಎರಡು ಪಾತ್ರಗಳ ವಾದ ಬಿಗಿಯಾಯಿತೋ, ಕತ್ತಿಯ ಮೇಲಿಟ್ಟ ಅಡಿಕೆ ಹಾಗೆಯೇ ನಿಲ್ಲುತ್ತಿತ್ತು. ಮಾತು ಬಂದಾಗ ಮನಸ್ಸು ಅದರ ಹಿಂದೆ ಹೋಗುತ್ತದೆ. ಚೆಂಡೆ ಮದ್ದಳೆಯ ಹಿಂದೆ ಕೈಯಷ್ಟೇ ಹೋಗುತ್ತದೆ.

ಇದನ್ನೇ ದೊಡ್ಡವರು ಪರೀಕ್ಷಿಸಿ ನೋಡಿದ್ದಾರೆಂದು ಆಮೇಲೆ ಓದಿ ತಿಳಿದೆ. ಕಣ್ಣೆದುರಿನ ಅಂಕಿಗಳನ್ನು ನೆನಪಿಡುವಾಗ ಹಿನ್ನೆಲೆಯಲ್ಲಿ ಮಾತಿರುವ ಹಾಡು ಕೇಳಿಸುತ್ತಿದ್ದರೆ, ಬರೀ ವಾದ್ಯ ಕೇಳಿಸುವಾಗಿನದಕ್ಕಿಂತ ಹೆಚ್ಚು ತಪ್ಪಾಗುತ್ತದೆ ಎಂದು 1989ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದರು. ನನ್ನ ಅಂಗಡಿಯಲ್ಲಿ ಅದಕ್ಕೆ ಸಾಕ್ಷಿ ಇದೆ. ಬಿಲ್ಲು ಬರೆಯುವ ಹುಡುಗ ತನಗೆ ಇಷ್ಟದ ಕನ್ನಡ ಪದ್ಯ ಕೇಳುತ್ತ 1,275 ಕಿಲೋವನ್ನು 1,725 ಎಂದು ಬರೆದ. ಅಡಿಕೆ ತಂದವರು ಪ್ರಾಮಾಣಿಕರು, ಅವರೇ ಹಿಂದಿರುಗಿ ಬಂದು ತೋರಿಸಿದರು. ಅಂದಿನಿಂದ ತೂಕದ ಮೇಜಿನಲ್ಲಿ ಪದ್ಯವಿಲ್ಲ. ಹುಡುಗನೂ ಒಪ್ಪಿದ್ದಾನೆ. ಬಿಲ್ಲುಗಳೆಲ್ಲ ಮುಗಿದು ಚೀಲದ ಲೆಕ್ಕಕ್ಕೆ ಚೀಟಿ ಅಂಟಿಸುವಾಗ ಅವನು ಕೇಳಿಕೊಳ್ಳಲಿ, ಅದಕ್ಕೆ ಯಾರ ತಕರಾರೂ ಇಲ್ಲ.

ಇದಕ್ಕೆ ಎದುರಾಗಿ, ಸುಲಭದ ಕೆಲಸಕ್ಕೆ ಸಂಗೀತದಿಂದ ಲಾಭವೇ ಆಗುತ್ತದೆ ಎಂಬುದಕ್ಕೂ ಆಧಾರವಿದೆ. ಅಮೆರಿಕದ ಒಂದು ಚಿಲ್ಲರೆ ವ್ಯಾಪಾರದ ಕಂಪನಿಯ ಕಚೇರಿಯಲ್ಲಿ 256 ನೌಕರರ ಪೈಕಿ 75 ಮಂದಿಗೆ ನಾಲ್ಕು ವಾರ ಹೆಡ್‌ಸೆಟ್ ಹಾಕಿಕೊಂಡು ಕೆಲಸ ಮಾಡಲು ಬಿಟ್ಟರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಕೆಲಸವೂ ಮನಸ್ಸಿನ ಸ್ಥಿತಿಯೂ ಸುಧಾರಿಸಿತ್ತು. ಹೆಚ್ಚು ತಲೆ ಓಡಿಸಬೇಕಿಲ್ಲದ ಕೆಲಸದವರಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. ನನ್ನ ಸುಲಿಯುವವರನ್ನು ನೋಡಿದರೆ ನನಗೆ ಇದರಲ್ಲಿ ಸಂಶಯವೇ ಬರುವುದಿಲ್ಲ. ಊಟವಾದ ಮೇಲಿನ ಎರಡು ಗಂಟೆ ಮೊದಲೆಲ್ಲ ತೂಕಡಿಕೆಯ ಹೊತ್ತು. ತೂಕಡಿಸುವ ಕೈ ಕತ್ತಿಯ ಬಳಿ ಇರುವುದು ಎಂಥ ಅಪಾಯ ಎಂದು ಸುಲಿದವರಿಗೆ ಗೊತ್ತು.

ಅಪಾಯದ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಒಬ್ಬ ಹುಡುಗ ಹಿಂದಕ್ಕೆ ಬರುತ್ತಿದ್ದ ಲಾರಿಯ ಸದ್ದು ಕೇಳದೆ ಚೀಲ ಎಳೆಯುತ್ತ ಅದರ ದಾರಿಗೇ ಬಂದ. ಪಕ್ಕದವನು ತೋಳು ಹಿಡಿದು ಎಳೆದ. ಆ ಕ್ಷಣದ ಎದೆಬಡಿತ ನನಗೆ ಈಗಲೂ ನೆನಪಿದೆ. ಅಂಗಳದಲ್ಲಿ, ಲಾರಿಯ ಬಳಿ, ಚೀಲ ಹೊರುವಾಗ ಇಯರ್‌ಫೋನ್ ಬೇಡ ಎಂದು ಅಂದೇ ಗೋಡೆಗೆ ಬರೆಸಿದೆ. ಒಳಗೆ ಕುಳಿತು ಕೇಳುವವರೂ ಒಂದು ಕಿವಿಗೆ ಮಾತ್ರ. ಸುಲಿಯುವ ಯಂತ್ರ ಓಡುವಾಗಲಂತೂ ಯಾರಿಗೂ ಇಲ್ಲ. ಯಂತ್ರದ ಸದ್ದನ್ನು ಮುಚ್ಚಲು ಪದ್ಯದ ಸದ್ದು ಏರಿಸುತ್ತಾರೆ, ಕಿವಿಗೆ ಎರಡರ ಪೆಟ್ಟೂ ಬೀಳುತ್ತದೆ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90ಕ್ಕೆ ಏರಿದರೆ ಆ 40 ಗಂಟೆ ಬರೀ 4 ಗಂಟೆಗೆ ಇಳಿಯುತ್ತದೆ. ಮಾತನಾಡಿಸಿದರೆ ಕೇಳಿಸುವಷ್ಟು ಸದ್ದಿರಲಿ ಎಂದಷ್ಟೇ ನಾನು ಹೇಳುವುದು; ಅಳೆಯುವ ಯಂತ್ರ ನನ್ನಲ್ಲಿಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಅಂಗಡಿ ನನ್ನ ಕೈಗೆ ಬಂದ ಹೊಸತರಲ್ಲಿ ಶೆಡ್ಡಿಗೆ ಒಂದು ಸ್ಪೀಕರ್ ತಂದೆ. ಬೆಳಗಿನಿಂದ ಸಂಜೆಯವರೆಗೆ ಕನ್ನಡ ಪದ್ಯ. ಎಲ್ಲರಿಗೂ ಸಂತೋಷವಾಗಿದೆ ಎಂದೇ ನಾನು ನಂಬಿದ್ದೆ. ಶೆಡ್ಡಿನಲ್ಲಿ ಇದ್ದವರಾದರೋ ತುಳು ಮನೆಮಾತಿನವರು, ಬ್ಯಾರಿಗಳು, ಮಲಯಾಳಿಗಳು, ಕೊಂಕಣಿ ಆಡುವ ಒಬ್ಬರು, ಮರಾಠಿಯವರು ಇಬ್ಬರು. ಅಸ್ಸಾಮಿನಿಂದ ಬಂದ ಇಬ್ಬರು ಹುಡುಗರೂ ಸೇರಿದ್ದರು. ಒಂದು ದಿನ ಅವರಲ್ಲಿ ಕಿರಿಯವನು ಊಟದ ಹೊತ್ತಿಗೆ ಹೊರಗೆ ಹಲಸಿನ ಮರದ ಬುಡದಲ್ಲಿ ಕುಳಿತು, ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ತನ್ನ ಭಾಷೆಯ ಪದ್ಯ ಕೇಳುತ್ತಿದ್ದ. ಮಳೆ ಹನಿಯುತ್ತಿತ್ತು. ಒಳಗೆ ಬಾ ಎಂದು ಕರೆದೆ. “ಒಳಗೆ ಕೇಳಿಸುವುದಿಲ್ಲ ಅಣ್ಣ, ಸ್ಪೀಕರ್ ಇದೆ” ಎಂದ.

ಆ ಮಾತು ನನ್ನನ್ನು ಬಿಡಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡಿಗರು ಇಲ್ಲಿ ಕೇಳುತ್ತ ಬಂದಿರುವುದು ಏನನ್ನು? ಅರ್ಜಿಯ ನಮೂನೆ ನಮ್ಮ ಭಾಷೆಯಲ್ಲಿ ಇರಲಿ, ಫಲಕ ನಮ್ಮ ಭಾಷೆಯಲ್ಲಿ ಇರಲಿ, ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬರಲಿ ಎಂದಲ್ಲವೇ? ಹೆಚ್ಚು ಮಂದಿಯ ಭಾಷೆ, ಅಧಿಕಾರ ಇರುವವರ ಭಾಷೆ, ದಿನವಿಡೀ ಕಿವಿಗೆ ಬೀಳುತ್ತಿದ್ದರೆ ಹೇಗಾಗುತ್ತದೆ ಎಂದು ಬಲ್ಲ ನಾನೇ ನನ್ನ ಶೆಡ್ಡಿನಲ್ಲಿ ಅದನ್ನೇ ಮಾಡಿದ್ದೆ. ಅದೂ ಕನ್ನಡದ ಮೇಲಿನ ಪ್ರೀತಿಯಿಂದ. ಮರುದಿನ ಸ್ಪೀಕರ್ ಕಳಚಿದೆ. ಯಾರಿಗೆ ಬೇಕೋ ಅವರು ತಮ್ಮ ಮೊಬೈಲಿನಲ್ಲಿ, ತಮ್ಮ ಕಿವಿಯಲ್ಲಿ, ತಮ್ಮ ಭಾಷೆಯಲ್ಲಿ ಕೇಳಲಿ ಎಂದೆ.

ಆರಿಸುವ ಸ್ವಾತಂತ್ರ್ಯಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಇನ್ನೊಂದು ಅಧ್ಯಯನವಿದೆ. ಶಸ್ತ್ರಚಿಕಿತ್ಸೆ ಮಾಡುವಾಗ ಸಂಗೀತ ಕೇಳುವ ಅಭ್ಯಾಸವಿದ್ದ 50 ಶಸ್ತ್ರವೈದ್ಯರಿಗೆ ಪ್ರಯೋಗಾಲಯದಲ್ಲಿ ಕಳೆಯುವ ಲೆಕ್ಕ ಕೊಟ್ಟರು. ಒಮ್ಮೆ ಮೌನದಲ್ಲಿ, ಒಮ್ಮೆ ಪ್ರಯೋಗ ಮಾಡುವವರು ಆರಿಸಿದ ಸಂಗೀತದೊಡನೆ, ಒಮ್ಮೆ ವೈದ್ಯರು ತಾವೇ ಆರಿಸಿದ್ದರೊಡನೆ. ತಾವೇ ಆರಿಸಿದ್ದನ್ನು ಕೇಳುವಾಗ ಲೆಕ್ಕವೂ ಚುರುಕು, ಶರೀರದ ಒತ್ತಡವೂ ಕಡಿಮೆ ಎಂದು 1994ರಲ್ಲಿ ಪ್ರಕಟವಾಯಿತು. ಹಾಗಾದರೆ ನಿಮ್ಮ ಬಿಲ್ಲಿನ ಹುಡುಗನಿಗೇಕೆ ಬೇಡ ಎಂದು ಕೇಳಬಹುದು. ವೈದ್ಯರದು ವರ್ಷಗಳ ರೂಢಿ, ಪ್ರಯೋಗಾಲಯದ ಲೆಕ್ಕ. ಹುಡುಗ ಬರೆಯುವುದು ಇನ್ನೊಬ್ಬರ ಒಂದು ವರ್ಷದ ಬೆಳೆ.

ಸ್ಪೀಕರ್ ಹೋದ ಮೇಲೆ ಒಂದು ಕೊರತೆ ಕಂಡಿತು. ಎಲ್ಲರೂ ಅವರವರ ಕಿವಿಯೊಳಗೆ ಹೋಗಿ, ಶೆಡ್ಡಿನಲ್ಲಿ ಮಾತುಕತೆ ಕಡಿಮೆಯಾಯಿತು. ಹೆಂಗಸರೇ ಬಂದು ರೇಡಿಯೋ ಇಡಿ ಎಂದರು. ಬ್ರಿಟನ್ನಿನಲ್ಲಿ ಯುದ್ಧದ ಕಾಲಕ್ಕೆ, 1940ರ ಜೂನ್‌ನಿಂದ, ಬಿಬಿಸಿಯವರು ಕಾರ್ಖಾನೆಯವರಿಗೆಂದೇ ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಸಂಗೀತ ಪ್ರಸಾರ ಮಾಡುತ್ತಿದ್ದರು. ದಿನವಿಡೀ ಅಲ್ಲ, ಅರ್ಧ ಗಂಟೆ. ಅದು ನನಗೆ ಹಿಡಿಸಿತು. ಬೆಳಗ್ಗೆ ಅರ್ಧ ಗಂಟೆ, ಮೂರು ಗಂಟೆಯ ಚಹಾದ ಮೊದಲು ಅರ್ಧ ಗಂಟೆ, ಇಯರ್‌ಫೋನ್ ತೆಗೆದು ಎಲ್ಲರಿಗೂ ರೇಡಿಯೋ. ಸ್ಟೇಷನ್ ಯಾವುದೆಂದು ಅವರೇ ಸರದಿ ಹಾಕಿಕೊಂಡಿದ್ದಾರೆ. ಒಂದು ದಿನ ಆಕಾಶವಾಣಿ ಮಂಗಳೂರು, ಒಂದು ದಿನ ಕಣ್ಣೂರು. ಅಸ್ಸಾಮಿನವರ ಸರದಿಗೆ ಮೊಬೈಲನ್ನೇ ಒಂದು ಪಾತ್ರೆಯೊಳಗೆ ನಿಲ್ಲಿಸುತ್ತಾರೆ, ಸದ್ದು ದೊಡ್ಡದಾಗುತ್ತದೆ. ಅಂಗಡಿಯ ಮುಂಭಾಗದಲ್ಲಿ, ಗಿರಾಕಿಗಳಿಗೆ ಕೇಳಿಸುವಂತೆ ಹಾಡು ಹಾಕಬೇಕೆಂದಿರುವವರು ಮಾತ್ರ 1957ರ ಕಾಪಿರೈಟ್ ಕಾಯ್ದೆಯನ್ನು ನೆನಪಿಡಿ. ಅದಕ್ಕೆ ಹಕ್ಕುದಾರರ ಪರವಾನಗಿ ಬೇಕು.

ಕೊನೆಗೆ ಗಾರ್ಬಲ್ ಮಾಡುವವರ ವಿಷಯ. ಅಡಿಕೆಯನ್ನು ಪಟೋರ, ಉಳ್ಳಿ, ಕೋಕ, ಕರಿಗೋಟು ಎಂಬ ದರ್ಜೆಗಳಾಗಿ ಬೇರ್ಪಡಿಸುವುದು ಕಣ್ಣಿನ ಕೆಲಸವೆಂದು ನಾನು ತಿಳಿದಿದ್ದೆ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬ ಅಕ್ಕ ಇಯರ್‌ಫೋನನ್ನು ಒಂದು ದಿನವೂ ಮುಟ್ಟಲಿಲ್ಲ. ರೇಡಿಯೋ ಹಾಕಿದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಏಕೆ ಎಂದು ಕೇಳಿದ್ದಕ್ಕೆ ಒಂದು ಹಿಡಿ ಅಡಿಕೆಯನ್ನು ಗೆರಸೆಗೆ ಸುರಿದು ತೋರಿಸಿದರು. ಟಣಟಣ ಎಂಬ ಸದ್ದಿನ ನಡುವೆ ಎಲ್ಲೋ ಒಂದು ಮೊಂಡು ಸದ್ದು. ಬೆರಳು ನೇರ ಹೋಗಿ ಆ ಒಂದನ್ನೇ ಎತ್ತಿತು. ಒಡೆದು ನೋಡಿದೆ, ಒಳಗೆ ತೇವ ಹಾಗೆಯೇ ಇತ್ತು. “ನನಗೆ ಇದೇ ಪದ್ಯ ಅಣ್ಣ” ಎಂದರು. ನಾನೂ ಕಿವಿಯಿಟ್ಟು ಎರಡು ಮೂರು ಸಲ ಪ್ರಯತ್ನಿಸಿದೆ, ನನಗೆ ಬೇರೆ ಕೇಳಿಸಲಿಲ್ಲ.

ಪೂರ್ವದ ಕಿಟಕಿಯ ಬಳಿ ಹಲಗೆಯ ಅಡ್ಡಗೋಡೆ ಹಾಕಿಸಿ ಅವರಿಗೆ ಜಾಗ ಮಾಡಿಕೊಟ್ಟಿದ್ದೇನೆ. ರೇಡಿಯೋದ ಸದ್ದು ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಈ ಹಂಗಾಮಿನಲ್ಲಿ ಇನ್ನಿಬ್ಬರು ತಮ್ಮ ಮಣೆಯನ್ನು ಅಲ್ಲಿಗೆ ಎಳೆದುಕೊಂಡಿದ್ದಾರೆ. ಅವರಲ್ಲಿ ಒಬ್ಬ ಆ ಅಸ್ಸಾಮಿನ ಹುಡುಗ.